ಸುಲಭ, ಮಧ್ಯಮ, ಕಠಿಣ: ಮೇಘಾಲಯದ ಗವಿಗಳಲ್ಲಿ ಮೂರು ದಿನ

ಕೋಲಾರದ ಅಂತರಗಂಗೆ ಬೆಟ್ಟವನ್ನು ರಾತ್ರಿ ಹೊತ್ತು ಹತ್ತಿ, ಬಂಡೆಗಳ ಸಂದಿನಲ್ಲಿ ಟಾರ್ಚು ಹಿಡಿದು ನುಸುಳಿ, ಸೂರ್ಯೋದಯ ನೋಡಿಕೊಂಡು ಬೆಂಗಳೂರಿಗೆ ಮರಳಿದವರೆಲ್ಲ ತಾವು ‘ಕೇವಿಂಗ್’ ಮಾಡಿ ಬಂದೆವೆಂದೇ ಹೇಳುತ್ತಾರೆ. ನಾನೂ ಹಾಗೆ ಹೇಳಿಕೊಂಡು ತಿರುಗಿದವಳೇ. ಆ ಧೈರ್ಯದ ಮೇಲೆಯೇ ಕಳೆದ ಜನವರಿಯಲ್ಲಿ ಮೇಘಾಲಯದ ಮೂರು ದಿನಗಳ ಗವಿಯಾನಕ್ಕೆ ನಾವು ನಾಲ್ವರು ಹೆಸರು ಕೊಟ್ಟೆವು: ಐವತ್ತೊಂದರ ನಾನು, ಮಂಡಿನೋವಿನ ನನ್ನ ಯಜಮಾನರು, ಹದಿನಾಲ್ಕು ವರ್ಷದ ಮಗಳು ಮತ್ತು ದಿನಕ್ಕೆರಡು ಗಂಟೆ ಜಿಮ್ಮಿನಲ್ಲಿ ಕಳೆಯುವ ಅಕ್ಕನ ಮಗ. ಶಿಲ್ಲಾಂಗಿನಲ್ಲಿ ನೆಲೆಯಿರುವ ಸಣ್ಣದೊಂದು ಸಂಸ್ಥೆ ಈ ಪ್ರವಾಸವನ್ನು ‘ಎಲ್ಲ ಹಂತದವರಿಗೂ’ ಎಂಬ ಭರವಸೆಯೊಂದಿಗೆ ಮಾರುತ್ತದೆ. ಮೊದಲ ದಿನ ಸುಲಭ, ಎರಡನೆಯ ದಿನ ಮಧ್ಯಮ, ಮೂರನೆಯ ದಿನ ಕಠಿಣ ಎಂದು ಅವರ ಕರಪತ್ರದಲ್ಲಿಯೇ ಅಚ್ಚಾಗಿದೆ. ವಾಸ್ತವ್ಯ, ಊಟ, ವಾಹನ, ಸಲಕರಣೆ, ಮಾರ್ಗದರ್ಶನ ಎಲ್ಲ ಸೇರಿ ತಲೆಗೆ ₹16,000. ಗುವಾಹಟಿಯವರೆಗಿನ ವಿಮಾನದ ಖರ್ಚು ನಮ್ಮದೇ. ಕಂಡ ಕೊರತೆಗಳನ್ನು ಸಂಸ್ಥೆಗೇ ಬರೆದು ತಿಳಿಸಿರುವುದರಿಂದ ಅದರ ಹೆಸರನ್ನು ಇಲ್ಲಿ ಎತ್ತುತ್ತಿಲ್ಲ.

ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗವಿಯೊಳಗೆ ನಮ್ಮನ್ನು ನಡೆಸಿಕೊಂಡು ಹೋದ ಇಬ್ಬರು ಖಾಸಿ ಮಾರ್ಗದರ್ಶಕರ ಮೇಲಿನ ಗೌರವ ದಿನದಿನಕ್ಕೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ನನ್ನ ತಕರಾರೆಲ್ಲ ಕರಪತ್ರದ ಆ ಮೂರು ಪದಗಳ ಮೇಲೆ. ನಾಲ್ವರಲ್ಲಿ ಮೂವರಿಗೆ ಆ ದಿನಗಳು ಬರೆದಿದ್ದ ಕ್ರಮದಲ್ಲಿ ಸುಲಭವೂ ಮಧ್ಯಮವೂ ಕಠಿಣವೂ ಆಗಲಿಲ್ಲ. ನಾಲ್ಕನೆಯವಳಾದ ನನಗೆ ಕ್ರಮ ಸರಿಹೋದದ್ದು ಸಂಸ್ಥೆ ಎಣಿಸಿಯೇ ಇರದಿದ್ದ ಕಾರಣಕ್ಕೆ.

ಅಂತರಗಂಗೆಯಲ್ಲಿರುವುದು ಗ್ರಾನೈಟ್ ಗುಂಡುಗಳು ಒಂದಕ್ಕೊಂದು ಒರಗಿ ಉಳಿಸಿದ ಸಂದುಗಳು. ಅಲ್ಲಿ ತಲೆಯೆತ್ತಿದರೆ ಎಲ್ಲೋ ಒಂದು ಕಡೆ ಆಕಾಶದ ಚೂರು ಕಾಣುತ್ತದೆ. ದಾಂಡೇಲಿ ಸಮೀಪದ ಕವಳಾ ಗವಿಯಲ್ಲಿ ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಲಿಂಗವನ್ನು ನೋಡಿದವರಿಗೆ, ಆಂಧ್ರದ ಬೇಲಂ ಗುಹೆಗಳಲ್ಲಿ ನಡೆದವರಿಗೆ ಸುಣ್ಣಕಲ್ಲಿನ ಗವಿಯ ಪರಿಚಯ ಒಂದಿಷ್ಟು ಇರುತ್ತದೆ. ಆದರೆ ಬೇಲಂನ 3,229 ಮೀಟರ್ ಉದ್ದದಲ್ಲಿ ಪ್ರವಾಸಿಗರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿಲೋಮೀಟರು ಮಾತ್ರ, ಅಷ್ಟಕ್ಕೂ ದೀಪ, ಮೆಟ್ಟಿಲು, ಗಾಳಿಯ ಏರ್ಪಾಡಿದೆ. ಮೇಘಾಲಯದ ಮಾತು ಬೇರೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲವಾದ ಆಮ್ಲವಾಗುತ್ತದೆ, ಸುಣ್ಣಕಲ್ಲಿನ ಬಿರುಕಿಗಿಳಿದು ಅದನ್ನು ಕರಗಿಸುತ್ತ ಹೋಗುತ್ತದೆ. ಆಗುಂಬೆಯನ್ನು ದಕ್ಷಿಣದ ಚಿರಾಪುಂಜಿ ಎಂದು ಕರೆದು ಬೀಗುವ ನಮಗೆ, ವರ್ಷಕ್ಕೆ ಸರಾಸರಿ 11,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಅಸಲಿ ಚಿರಾಪುಂಜಿಯ, ಅಂದರೆ ಸೋಹ್ರಾದ, ನೆಲದಡಿಯಲ್ಲಿ ಈ ಕೆಲಸ ಯಾವ ಪ್ರಮಾಣದಲ್ಲಿ ನಡೆದಿರಬಹುದೆಂಬುದು ಒಳಗೆ ಹೋಗುವವರೆಗೆ ಅಂದಾಜಾಗುವುದಿಲ್ಲ. ಖಾಸಿ ಭಾಷೆಯಲ್ಲಿ ಗವಿಗೆ ‘ಕ್ರೆಮ್’ ಎನ್ನುತ್ತಾರೆ. 1992ರಿಂದ ಮೇಘಾಲಯ ಅಡ್ವೆಂಚರರ್ಸ್ ಅಸೋಸಿಯೇಷನ್ನಿನವರು ಯುರೋಪಿನ ಗವಿಶೋಧಕರ ಜೊತೆಗೂಡಿ ಇಲ್ಲಿ ನೂರಾರು ಕಿಲೋಮೀಟರುಗಳಷ್ಟು ಸುರಂಗಗಳನ್ನು ಅಳೆದು ನಕ್ಷೆ ಬರೆದಿದ್ದಾರೆ. ಅವುಗಳಲ್ಲಿ ಕ್ರೆಮ್ ಲಿಯಾತ್ ಪ್ರಾ ಒಂದೇ 30 ಕಿಲೋಮೀಟರಿಗೂ ಉದ್ದವಿದೆ.

ಇಲ್ಲಿನ ಗವಿಗಳಿಗೆ ಇಳಿಯುವ ಕಾಲ ನವೆಂಬರಿನಿಂದ ಮಾರ್ಚಿನವರೆಗೆ. ಮಳೆಗಾಲದಲ್ಲಿ ಈ ಸುರಂಗಗಳು ಮತ್ತೆ ತಮ್ಮ ಮೂಲ ಕಸುಬಿಗೆ, ಅಂದರೆ ನೀರು ಸಾಗಿಸುವುದಕ್ಕೆ, ಮರಳುತ್ತವೆ. 2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುಆಂಗ್ ಗವಿಗೆ ಹೋದ ಹನ್ನೆರಡು ಹುಡುಗರೂ ಅವರ ತರಬೇತುದಾರನೂ ಹಿಂದೆ ನೀರು ತುಂಬಿ ಸಿಕ್ಕಿಬಿದ್ದು, ಕೊನೆಯವರು ಹೊರಬರುವಾಗ ಜುಲೈ 10 ಆಗಿತ್ತೆಂಬುದು ಎಲ್ಲರ ನೆನಪಿನಲ್ಲಿರುವ ಸಂಗತಿ. ಜೂನಿನಲ್ಲಿಯೂ ‘ಸುಲಭ ಹಂತ’ ನಡೆಸುತ್ತೇವೆ ಎನ್ನುವ ಸಂಸ್ಥೆ ಯಾವುದಾದರೂ ಸಿಕ್ಕರೆ ಮುಂದಿನ ಮಾತನ್ನೇ ಆಡಬೇಡಿ. ನಮ್ಮವರು ಏಪ್ರಿಲಿನ ಹೊತ್ತಿಗೆ ಬಾಗಿಲು ಹಾಕುತ್ತಾರೆ. ಆ ವಿಷಯದಲ್ಲಿ ಅವರಿಗೆ ಪೂರ್ಣ ಅಂಕ.

ಬೆಂಗಳೂರಿನಿಂದ ಗುವಾಹಟಿಗೆ ಮೂರು ಗಂಟೆಯ ಹಾರಾಟ, ಅಲ್ಲಿಂದ ಶಿಲ್ಲಾಂಗಿಗೆ ಸುಮಾರು ನೂರು ಕಿಲೋಮೀಟರಿನ ಘಾಟಿ ರಸ್ತೆ. ಸಂಜೆ ಶಿಲ್ಲಾಂಗಿನ ಕಚೇರಿಯಲ್ಲಿ ಸಲಕರಣೆಗಳನ್ನು ಹಂಚಿದರು. ಈ ಭಾಗವನ್ನು ಕೊಂಚ ವಿವರವಾಗಿಯೇ ಬರೆಯಬೇಕು, ಏಕೆಂದರೆ ಹಣ ಕೊಡುವ ಗಿರಾಕಿಯ ಕಣ್ಣಿಗೆ ಗವಿಯೊಳಗಿನ ತಪ್ಪುಗಳು ಬೀಳುವುದಕ್ಕಿಂತ ಮೊದಲು ಬೀಳುವುದು ಇವೇ. ಹೆಲ್ಮೆಟ್ಟುಗಳು ಗಟ್ಟಿಯಾಗಿದ್ದವು, ಆದರೆ ಎರಡರ ಗಲ್ಲಪಟ್ಟಿ ಹಳೆಯ ಪೈಜಾಮದ ಎಲಾಸ್ಟಿಕ್ಕಿನಂತೆ ಸಡಿಲಾಗಿ ಜೋತಾಡುತ್ತಿತ್ತು. ಗಮ್‌ಬೂಟುಗಳಲ್ಲಿ ಆರು, ಎಂಟು, ಹತ್ತು ಎಂಬ ಮೂರೇ ಅಳತೆಗಳಿದ್ದು, ಏಳರ ಕಾಲಿನ ನಾನು ಎಂಟರ ಬೂಟಿಗೆ ಎರಡು ಜೊತೆ ಕಾಲುಚೀಲ ತುರುಕಿಕೊಂಡೆ. ಹತ್ತಿಯ ಬಟ್ಟೆ ಬೇಡ, ನೆನೆದರೆ ಒಣಗದೆ ಮೈಯ ಶಾಖವನ್ನೇ ಹೀರುತ್ತದೆ, ಪಾಲಿಯೆಸ್ಟರ್ ಅಥವಾ ಉಣ್ಣೆ ತನ್ನಿ ಎಂದು ಮೊದಲೇ ಬರೆದು ತಿಳಿಸಿದ್ದು ಒಳ್ಳೆಯ ಕೆಲಸ. ದೀಪದ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಿದ್ದಾರೆ. ಗವಿಗಿಳಿಯುವ ಪ್ರತಿಯೊಬ್ಬರ ಬಳಿಯೂ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಬೆಳಕಿನ ಮೂಲಗಳಿರಬೇಕೆಂಬುದು ಗವಿಶೋಧಕರ ಹಳೆಯ ನಿಯಮ. ನಮಗೆ ಸಿಕ್ಕದ್ದು ಹೆಲ್ಮೆಟ್ಟಿಗೆ ಸಿಕ್ಕಿಸಿದ ಒಂದೊಂದೇ ದೀಪ. ಉಳಿದದ್ದನ್ನು ಕೇಳಿದಾಗ ‘ಮೊಬೈಲ್ ಇದೆಯಲ್ಲ’ ಎಂಬ ಉತ್ತರ ಬಂತು. ನೀರಿನ ಗವಿಗೆ ಮೊಬೈಲನ್ನು ನೆಚ್ಚಿ ಹೋಗಿ ಎಂದು ಹೇಳುವ ಬಾಯಿಗೆ ಏನೆನ್ನಬೇಕೋ ತಿಳಿಯಲಿಲ್ಲ.

ಮೊದಲ ದಿನದ ಮೌಸ್ಮಾಯ್ ಗವಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಸುಮಾರು 150 ಮೀಟರ್ ಉದ್ದ, ಒಳಗೆಲ್ಲ ವಿದ್ಯುದ್ದೀಪ, ಹೊರಗೆ ಅಂಗಡಿಸಾಲು, ಬಾಗಿಲಲ್ಲಿ ಟಿಕೆಟ್ಟು. ಮುಂದಿನವರ ಬೆನ್ನಿಗೆ ಮೂಗು ತಾಗುವಂತೆ ಸಾಲಿನಲ್ಲಿ ನಡೆದು ಇಪ್ಪತ್ತು ನಿಮಿಷಕ್ಕೆ ಹೊರಬಂದೆವು. ಅಲ್ಲಿಗೆ ಹೋಗುವುದಕ್ಕೆ ಮಾರ್ಗದರ್ಶಕರೂ ಬೇಡ, ಹೆಲ್ಮೆಟ್ಟೂ ಬೇಡ, ₹16,000ವಂತೂ ಬೇಡವೇ ಬೇಡ. ಆದರೆ ಅಷ್ಟರಲ್ಲಿಯೇ ನಮ್ಮ ಯಜಮಾನರ ಮಂಡಿ ಮಾತಾಡತೊಡಗಿತ್ತು. ಮೆಟ್ಟಿಲು ಇಳಿಯುವುದು, ಬಾಗಿ ನಡೆಯುವುದು, ಮೊಣಕಾಲನ್ನು ಅರ್ಧ ಮಡಿಸಿ ಹಾಗೆಯೇ ನಿಲ್ಲುವುದು, ಇವು ಮಂಡಿ ಸವೆದವರಿಗೆ ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು. ಅರ್ಜಿಯಲ್ಲಿ ರಕ್ತದೊತ್ತಡ, ಉಬ್ಬಸ, ವಯಸ್ಸು, ವ್ಯಾಯಾಮದ ಅಭ್ಯಾಸ ಎಲ್ಲವನ್ನೂ ಕೇಳಿದ್ದರು. ಕೀಲುಗಳ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ‘ಸುಲಭ’ ಎಂಬ ಪದ ಯಜಮಾನರ ಪಾಲಿಗೆ ಅಲ್ಲಿಯೇ ಸುಳ್ಳಾಯಿತು.

ಅದೇ ಮಧ್ಯಾಹ್ನ ನೋಡಿದ ಅರ್ವಾ ಗವಿ ಇದಕ್ಕಿಂತ ಎಷ್ಟೋ ವಾಸಿ. ಕಣಿವೆಯ ಅಂಚಿನಲ್ಲಿ ಸಾಗುವ ಕಾಲುದಾರಿ, ಒಳಗೊಂದು ಸಣ್ಣ ತೊರೆ, ಗೋಡೆಯ ತುಂಬ ಚಿಪ್ಪು ಮತ್ತು ಶಂಖಗಳ ಪಳೆಯುಳಿಕೆ. ಮಾರ್ಗದರ್ಶಕರಲ್ಲಿ ಹಿರಿಯವನು ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿಯದೆ ಓರೆಯಾಗಿ, ಗೋಡೆಗೆ ತಾಗಿಸಿಕೊಂಡಂತೆ ಹಿಡಿದ. ಅಲ್ಲಿಯತನಕ ಬರಿಯ ಕಲ್ಲಾಗಿದ್ದ ಕಡೆ ನೆರಳು ಎದ್ದು, ಬೆರಳುಗುರಿನಷ್ಟು ದೊಡ್ಡ ಚಿಪ್ಪೊಂದರ ಗೆರೆಗಳು ಒಂದೊಂದಾಗಿ ಮೂಡಿದವು. ಐದು ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳವಾಗಿದ್ದ ಜಾಗ ಈಗ ಮೋಡಕ್ಕಿಂತ ಮೇಲಿದೆ. ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಮೌಸ್ಮಾಯನ್ನು ಬಿಟ್ಟು ಇದೊಂದನ್ನೇ ಅರ್ಧ ದಿನ ತೋರಿಸಿದರೂ ಸಾಲದು.

ಎರಡನೆಯ ದಿನದ ಮೌಮ್ಲು ಗವಿಗಾಗಿಯೇ ಈ ವಿಮರ್ಶೆ ಬರೆಯಲು ಕೂತೆ ಎಂದರೂ ತಪ್ಪಿಲ್ಲ. ಸೋಹ್ರಾ ಊರಿಗೆ ತೀರ ಹತ್ತಿರ, ಸಿಮೆಂಟ್ ಕಾರ್ಖಾನೆಯೊಂದರ ನೆರೆಯಲ್ಲಿ, ಏಳು ಕಿಲೋಮೀಟರಿನಷ್ಟು ಉದ್ದಕ್ಕೆ ಇದು ನೆಲದಡಿಯಲ್ಲಿ ಹರಡಿದೆ. ಭೂಮಿಯ ಇತಿಹಾಸದಲ್ಲಿ ನಾವೀಗ ಬದುಕಿರುವ ಕಾಲಖಂಡಕ್ಕೆ 2018ರಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ ‘ಮೇಘಾಲಯನ್’ ಎಂಬ ಹೆಸರಿಟ್ಟದ್ದು ಈ ಗವಿಯಲ್ಲಿ ಸಿಕ್ಕ ಒಂದು ಸುಣ್ಣದ ಕಂಬದ ಆಧಾರದ ಮೇಲೆ. ಹನಿಹನಿಯಾಗಿ ಬೆಳೆದ ಆ ಕಂಬದ ಪದರಗಳಲ್ಲಿ ಆಮ್ಲಜನಕದ ಬೇರೆ ಬೇರೆ ತೂಕದ ಪರಮಾಣುಗಳ ಪ್ರಮಾಣವನ್ನು ಅಳೆದು, ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಕ್ಷೀಣಿಸಿ ದೀರ್ಘ ಬರ ಬಂದಿತ್ತೆಂದು ಓದಿದ್ದಾರೆ. ಇಷ್ಟು ದೊಡ್ಡ ಸಂಗತಿಯನ್ನು ಕರಪತ್ರ ‘ಪ್ರಸಿದ್ಧ ಗವಿ’ ಎಂಬ ಎರಡು ಪದಗಳಲ್ಲಿ ಮುಗಿಸಿದೆ. ಹೇಳಿದವನು ಕಿರಿಯ ಮಾರ್ಗದರ್ಶಕ, ಅದೂ ತಾನಾಗಿಯೇ, ಒಳಗಿನ ಒಂದು ಬಂಡೆಯ ಮೇಲೆ ನಮ್ಮನ್ನು ಕೂರಿಸಿ.

ಬಾಯಿಯ ಬಳಿ ನಡೆದ ಎರಡು ಕೆಲಸಗಳು ನನಗೆ ಬಹಳ ಹಿಡಿಸಿದವು. ಹಿರಿಯ ಮಾರ್ಗದರ್ಶಕ ಹಳ್ಳಿಯ ಒಬ್ಬರಿಗೆ ನಾವು ಒಳಹೋದ ಸಮಯವನ್ನೂ, ಎಷ್ಟು ಗಂಟೆಯೊಳಗೆ ಹೊರಬರದಿದ್ದರೆ ಜನ ಕಳಿಸಬೇಕೆಂಬುದನ್ನೂ ಹೇಳಿ, ಅವರಿಂದ ಅದನ್ನು ಮತ್ತೊಮ್ಮೆ ಹೇಳಿಸಿದ. ಆಮೇಲೆ ನಮ್ಮನ್ನು ಎಣಿಸಿದ: ‘ವೇಯ್, ಆರ್, ಲಾಯ್, ಸಾವ್.’ ಖಾಸಿಯಲ್ಲಿ ಆರ್ ಎಂದರೆ ಎರಡು. ಮಗಳು ಕಿಸಕ್ಕನೆ ನಕ್ಕು ‘ಆರು ಜನ ಎಲ್ಲಿದ್ದೀವಮ್ಮಾ’ ಎಂದಳು. ಅಂದಿನಿಂದ ಪ್ರತಿ ತಿರುವಿನಲ್ಲಿ, ಪ್ರತಿ ನೀರಿನ ದಾಟಿನಲ್ಲಿ ಅದೇ ಎಣಿಕೆ. ಐದು ಗಂಟೆಯಲ್ಲಿ ಮೂವತ್ತು ಸಲಕ್ಕಾದರೂ ಎಣಿಸಿರಬೇಕು, ಒಂದು ಸಲವೂ ಬೇಸರದ ದನಿಯಲ್ಲಿ ಎಣಿಸಲಿಲ್ಲ.

ಒಳಗೆ ಮೊದಲಿಗೆ ಕುಸಿದ ಬಂಡೆಗಳ ರಾಶಿ. ಮಣ್ಣು ಮೆತ್ತಿದ ಜಾರುಬಂಡೆಗಳ ಮೇಲೆ ಕುಳಿತು, ಕೈಯೂರಿ, ಕಾಲು ಚಾಚಿ ಇಳಿಯಬೇಕು. ನಮ್ಮ ಯಜಮಾನರು ಹತ್ತು ನಿಮಿಷ ಪ್ರಯತ್ನಪಟ್ಟು ‘ಇದು ನನ್ನಿಂದಾಗದು’ ಎಂದರು. ಕಿರಿಯವನು ಒಂದು ಮಾತೂ ಆಡದೆ ಅವರನ್ನು ಬಾಯಿಯವರೆಗೆ ಮರಳಿ ಬಿಟ್ಟು ಬಂದ; ಅಷ್ಟು ಹೊತ್ತೂ ನಾವು ಇದ್ದಲ್ಲಿಯೇ ಕದಲದೆ ಕುಳಿತಿದ್ದೆವು. ನಾಲ್ವರಿಗೆ ಇಬ್ಬರು ಮಾರ್ಗದರ್ಶಕರನ್ನು ಕೊಟ್ಟದ್ದು ಎಷ್ಟು ದೊಡ್ಡ ವಿಷಯವೆಂದು ಆಗ ತಿಳಿಯಿತು. ಒಬ್ಬನೇ ಇದ್ದಿದ್ದರೆ ಎಲ್ಲರೂ ಹಿಂದಿರುಗಬೇಕಿತ್ತು, ಇಲ್ಲವೇ ಅವರೊಬ್ಬರೇ ಕತ್ತಲಲ್ಲಿ ಕಾಯಬೇಕಿತ್ತು.

ಬಂಡೆಗಳನ್ನು ದಾಟಿದ ಮೇಲೆ ಬಂದದ್ದು ಇಕ್ಕಟ್ಟಿನ ಬಿಲ. ನಮ್ಮ ಭಾಷೆಯಲ್ಲಿ ಗುಹೆ, ಗವಿ, ಬಿಲ ಎಂದು ಮೂರು ಪದಗಳಿರುವುದು ಸುಮ್ಮನೆ ಅಲ್ಲ. ಮೌಸ್ಮಾಯ್ ಗುಹೆಯಾದರೆ ಇದು ಸಾಕ್ಷಾತ್ ಬಿಲ. ಎರಡಾಳುದ್ದ, ಎತ್ತರ ಮೊಳಕ್ಕಿಂತ ಸ್ವಲ್ಪ ಹೆಚ್ಚು. ಒಂದು ಕೈಯನ್ನು ಮುಂದಕ್ಕೆ ಚಾಚಿ, ಇನ್ನೊಂದನ್ನು ಮೈಗೆ ಒತ್ತಿಕೊಂಡು, ಚೀಲವನ್ನು ಮುಂದೆ ತಳ್ಳುತ್ತ ಹೊಟ್ಟೆಯ ಮೇಲೆ ತೆವಳಬೇಕು. ಎರಡು ಕೈಯನ್ನೂ ಮುಂದೆ ಚಾಚಿದರೆ ಭುಜ ಅಗಲವಾಗುತ್ತದೆ, ಎರಡನ್ನೂ ಹಿಂದಿಟ್ಟರೆ ತಳ್ಳಿಕೊಳ್ಳಲು ಏನೂ ಉಳಿಯುವುದಿಲ್ಲ. ಮಗಳು ಉಡದಂತೆ ಸರಸರನೆ ನುಗ್ಗಿ ಆಚೆ ಕಡೆಯಿಂದ ಕೂಗಿದಳು. ನಾನು ದೇವರನ್ನೂ ಅತ್ತೆಯನ್ನೂ ನೆನೆಯುತ್ತ ದಾಟಿದೆ. ಅಕ್ಕನ ಮಗ ಅರ್ಧದಲ್ಲಿ ನಿಂತ.

ಅವನ ಎದೆ ಅಗಲ, ಅದು ಅವನ ಹೆಮ್ಮೆ. ಅಲ್ಲಿ ಅದೇ ತೊಡಕಾಯಿತು. ಗಾಬರಿಯಾದಾಗ ಮನುಷ್ಯ ಮೊದಲು ಮಾಡುವ ಕೆಲಸ ಉಸಿರು ಎಳೆದುಕೊಳ್ಳುವುದು. ಉಸಿರೆಳೆದರೆ ಎದೆ ಇನ್ನೂ ಉಬ್ಬುತ್ತದೆ, ಕಲ್ಲು ಇನ್ನೂ ಬಿಗಿಯುತ್ತದೆ. ಹೆಲ್ಮೆಟ್ಟು ಮೇಲಿನ ಕಲ್ಲಿಗೆ ಟಕಟಕ ಬಡಿಯುವ ಸದ್ದು, ಅವನ ಏದುಸಿರು, ನಡುವೆ ‘ಚಿಕ್ಕಮ್ಮಾ’ ಎಂಬ ಕರೆ. ಮುಂದೆ ಇದ್ದ ನಾನು ಕೈ ಹಿಡಿದು ಎಳೆಯಲು ಹೋದೆ. ಹಿರಿಯ ಮಾರ್ಗದರ್ಶಕ ತಡೆದ. ಹಿಂದೆ ಇದ್ದ ಕಿರಿಯವನಿಗೆ ಏನೋ ಹೇಳಿದ. ಅವನು ತನ್ನ ಎರಡೂ ಅಂಗೈಗಳನ್ನು ಹುಡುಗನ ಬೂಟಿನ ತಳಕ್ಕೆ ಆನಿಸಿ ಗೋಡೆಯಂತೆ ನಿಲ್ಲಿಸಿದ. ‘ಉಸಿರು ಬಿಡು. ಪೂರ್ತಿ ಬಿಡು. ಈಗ ಕಾಲಿನಿಂದ ಒತ್ತು.’ ಅಷ್ಟೇ. ಒಂದು ಉಸಿರಿಗೆ ಒಂದು ಗೇಣು. ಹಾಗೆ ಐದಾರು ಸಲ ಆದ ಮೇಲೆ ಅವನ ತಲೆ ಈಚೆ ಬಂತು, ಮುಖ ಸುಣ್ಣದ ಗೋಡೆಯಷ್ಟೇ ಬಿಳುಪು. ಯಾರೂ ಅವನನ್ನು ಎಳೆಯಲಿಲ್ಲ, ಯಾರೂ ತಳ್ಳಲಿಲ್ಲ. ಒತ್ತಲು ಒಂದು ಆಸರೆ ಕೊಟ್ಟರು. ಇಂಥ ಕೆಲಸವನ್ನು ಯಾವ ಕರಪತ್ರವೂ ಬರೆಯುವುದಿಲ್ಲ.

ಬಿಲದಾಚೆ ಹೊಳೆಯ ಸುರಂಗ. ಮೊಣಕಾಲುದ್ದದ ನೀರು ನಡುವಿನವರೆಗೆ ಏರಿ ಮತ್ತೆ ಇಳಿಯುತ್ತದೆ, ತಣ್ಣಗಿದ್ದರೂ ಕೊರೆಯುವಂಥದ್ದಲ್ಲ. ಇಲ್ಲಿ ಹಿರಿಯವನು ಗೋಡೆಯ ಮೇಲಿನ ಸಣ್ಣ ಸಣ್ಣ ಗುಳಿಗಳನ್ನು ಬೆರಳಿನಿಂದ ಸವರಿ ತೋರಿಸಿದ. ಇಡ್ಲಿ ತಟ್ಟೆಯನ್ನು ಕಲ್ಲಿಗೆ ಒತ್ತಿ ತೆಗೆದಂತೆ ಸಾಲುಸಾಲು ಗುಳಿಗಳು, ಒಂದೊಂದರಲ್ಲೂ ಒಂದು ಅಂಚು ಕಡಿದು, ಇನ್ನೊಂದು ಅಂಚು ಇಳಿಜಾರು. ಕಡಿದಾದ ಅಂಚು ನೀರು ಬಂದ ದಿಕ್ಕು, ಇಳಿಜಾರಿನದು ನೀರು ಹೋದ ದಿಕ್ಕು. ಗುಳಿ ಚಿಕ್ಕದಾದಷ್ಟೂ ಸೆಳವು ಜೋರು. ಹಾಗೆ ಹೇಳಿ ದೀಪವನ್ನು ನಿಧಾನವಾಗಿ ಮೇಲಕ್ಕೆತ್ತಿದ. ನಮ್ಮ ತಲೆಯ ಮೇಲೆ, ಎರಡಾಳೆತ್ತರದ ಚಾವಣಿಯಲ್ಲಿಯೂ ಅದೇ ಗುಳಿಗಳಿದ್ದವು. ನೀರು ಎಂದಾದರೊಮ್ಮೆ ಎಲ್ಲಿಯವರೆಗೆ ತುಂಬಿ ಹರಿದಿತ್ತೆಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ.

ಅಲ್ಲಿಯೇ ನನ್ನ ದೀಪ ಹಳದಿಗೆ ತಿರುಗಿ, ಕೆಂಡದಂತಾಗಿ, ಆರಿತು. ಗವ್ವೆನ್ನುವ ಕತ್ತಲು ಎಂಬ ಮಾತನ್ನು ನಾವು ವಿದ್ಯುತ್ ಹೋದ ಮನೆಗೂ ಬಳಸುತ್ತೇವೆ. ಅದು ಯಾವ ಗವಿಯಿಂದ ಬಂದಿರಬೇಕೆಂದು ಆಗ ಗೊತ್ತಾಯಿತು. ಉಳಿದವರ ದೀಪಗಳು ತಿರುವಿನಾಚೆ ಹೋಗಿದ್ದದ್ದು ಐದಾರು ಸೆಕೆಂಡು ಮಾತ್ರ, ಆದರೆ ಆ ಹೊತ್ತಿನಲ್ಲಿ ಕೈ ಎಲ್ಲಿದೆಯೆಂಬುದೂ ನನಗೆ ತಿಳಿಯಲಿಲ್ಲ. ಹಿಂದಿನಿಂದ ಬಂದ ಕಿರಿಯವನು ತನ್ನ ಸ್ವಂತ ಚೀಲದಿಂದ ಇನ್ನೊಂದು ದೀಪ ತೆಗೆದು ಕಟ್ಟಿದ. ಅದು ಸಂಸ್ಥೆಯದಲ್ಲ, ಅವನದೇ. ಗಿರಾಕಿಯ ದೀಪಕ್ಕೆ ಮಾರ್ಗದರ್ಶಕನ ಸಂಬಳದಿಂದ ಬ್ಯಾಟರಿ ಬೀಳುವ ವ್ಯವಸ್ಥೆಯನ್ನು ನಾನು ಒಪ್ಪಲಾರೆ. ಈ ಪ್ರವಾಸದ ಅತ್ಯಂತ ಗಂಭೀರ ಕೊರತೆ ಇದೇ.

ಐದು ಗಂಟೆಗಳ ಕಾಲ ಒಳಗಿದ್ದು ಹೊರಬಂದಾಗ ಸಂಜೆ ನಾಲ್ಕೂವರೆಯಾಗಿತ್ತು; ಈಶಾನ್ಯದಲ್ಲಿ ಚಳಿಗಾಲದ ಸೂರ್ಯ ಆ ಹೊತ್ತಿಗೇ ಮುಳುಗಲು ಅಣಿಯಾಗಿರುತ್ತಾನೆ. ಬಾಯಿಯ ಬಳಿ ಕಾದಿದ್ದ ಹಳ್ಳಿಯ ಹೆಂಗಸೊಬ್ಬರು ನಮಗೆ ಕ್ವಾಯ್ ಕೊಟ್ಟರು. ಕ್ವಾಯ್ ಎಂದರೆ ಎಲೆಅಡಿಕೆಯೇ, ಆದರೆ ಅಡಿಕೆ ಹಸಿಯದು, ಜಗಿದ ಕೂಡಲೇ ಕಿವಿ ಬಿಸಿಯಾಗುತ್ತದೆ. ಎಲೆಗೆ ಸವರಿದ ಸುಣ್ಣವೂ ಈ ಬೆಟ್ಟದ ಕಲ್ಲನ್ನೇ ಸುಟ್ಟು ಮಾಡಿದ್ದು. ಶತಮಾನಗಳ ಕಾಲ ಬಂಗಾಳಕ್ಕೆ ಹೋಗುತ್ತಿದ್ದದ್ದೂ ಇದೇ ಬೆಟ್ಟಗಳ ಸುಣ್ಣ. ಶಿರಸಿಯ ಕಡೆಯವರಾದ ನಮ್ಮ ಯಜಮಾನರು ಅಷ್ಟು ಹೊತ್ತೂ ಆ ಹೆಂಗಸಿನೊಡನೆ ಭಾಷೆ ಬಾರದೆಯೇ ಅಡಿಕೆಯ ಬಗ್ಗೆ ಮಾತಾಡುತ್ತಿದ್ದರಂತೆ.

ಮೂರನೆಯ ದಿನ ಬೆಳಗಿನ ಜಾವ ಹೊರಟು, ಜೋವಾಯ್ ದಾಟಿ, ಸಿಮೆಂಟ್ ಲಾರಿಗಳ ಧೂಳು ಕುಡಿಯುತ್ತ ಪೂರ್ವ ಜಯಂತಿಯಾ ಬೆಟ್ಟಗಳಿಗೆ ಹೋದೆವು. ಗವಿಯ ಹೆಸರು ಕ್ರೆಮ್ ಚಿಂಪೆ. ಒಳಗಿನಿಂದ ಹೊಳೆಯೊಂದು ಹರಿದುಬರುತ್ತದೆ, ಅದರ ಹಾದಿಯಲ್ಲಿ ಒಂದರ ಹಿಂದೊಂದು ಪ್ರಕೃತಿಯೇ ಕಟ್ಟಿದ ಒಡ್ಡುಗಳಿವೆ. ಸುಣ್ಣ ಕರಗಿದ ನೀರು ಒಂದು ಅಂಚನ್ನು ತೆಳುವಾಗಿ ಹರಿದು ದಾಟುವಾಗ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹಾರಿಹೋಗಿ ಸುಣ್ಣ ಅಲ್ಲಿಯೇ ಕೂರುತ್ತದೆ. ಅಂಚು ಬೆಳೆದಷ್ಟೂ ಹಿಂದೆ ನಿಲ್ಲುವ ನೀರು ಆಳವಾಗುತ್ತದೆ. ಹೀಗಾಗಿ ಇದು ಈಜಿ, ಒಡ್ಡು ಹತ್ತಿ, ಮತ್ತೆ ಈಜಿ ಮುಂದುವರಿಯಬೇಕಾದ ಗವಿ. ಕರಪತ್ರದಲ್ಲಿ ‘ಕಠಿಣ: ದೈಹಿಕವಾಗಿ ಸದೃಢರಾದವರಿಗೆ, 16 ವರ್ಷ ಮೇಲ್ಪಟ್ಟವರಿಗೆ’ ಎಂದಿತ್ತೇ ಹೊರತು ಈಜಿನ ಸುದ್ದಿಯೇ ಇರಲಿಲ್ಲ.

ದಡದಲ್ಲಿ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ಪರೀಕ್ಷಿಸುತ್ತಿದ್ದ ಹಿರಿಯವನು ತಲೆಯೆತ್ತದೆ ಕೇಳಿದ: ‘ಈಜು ಯಾರಿಗೆ ಬರುತ್ತದೆ?’ ನನಗೆ ಬಾರದು. ಯಜಮಾನರು ಊರಿನ ಬಾವಿಯಲ್ಲಿ ಸೊಂಟಕ್ಕೆ ತೆಂಗಿನಕಾಯಿ ಕಟ್ಟಿಕೊಂಡು ಕಲಿತವರು. ಅಕ್ಕನ ಮಗನಿಗೂ ಬರುತ್ತದೆ. ಮಗಳು ನಾಲ್ಕು ವರ್ಷದಿಂದ ಈಜುಕೊಳದಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ, ಆದರೆ ಅವಳಿಗೆ ಹದಿನಾರಾಗಿಲ್ಲ. ಅಂದರೆ ಕಾಗದದ ಪ್ರಕಾರ ಈಜು ಬಾರದ ನಾನು ಅರ್ಹಳು, ಮೀನಿನಂತೆ ಈಜುವ ಅವಳು ಅನರ್ಹಳು. ಹಿರಿಯವನು ವಯಸ್ಸಿನ ನಿಯಮವನ್ನು ಮುರಿಯಲಿಲ್ಲ, ಅದು ಸರಿಯೇ. ನನ್ನನ್ನೂ ಮೊದಲ ಒಡ್ಡಿನಾಚೆ ಬಿಡಲಿಲ್ಲ, ಅದು ಇನ್ನೂ ಸರಿ. ಜಾಕೆಟ್ಟು ತೊಟ್ಟ ನನ್ನನ್ನು ಮೊದಲ ಮಡುವಿನಲ್ಲಿ ಕಿರಿಯವನು ಅಂಗಾತ ಮಲಗಿಸಿ ಎಳೆದುಕೊಂಡು ಹೋಗಿ ಒಡ್ಡನ್ನು ಮುಟ್ಟಿಸಿ ತಂದ. ಕೈಗೆ ಸಿಕ್ಕ ಅಂಚು ರಾಗಿಮುದ್ದೆಯ ಮೇಲ್ಮೈಯಂತೆ ನುಣುಪಾಗಿ, ಒಳಗೆ ಮಾತ್ರ ಕಬ್ಬಿಣದಂತೆ ಗಟ್ಟಿಯಾಗಿತ್ತು.

ಉಳಿದಿಬ್ಬರು ಮೂರು ಗಂಟೆಗಳ ಮೇಲೆ ಮರಳಿದಾಗ ಯಜಮಾನರ ಮುಖ ನೋಡಬೇಕಿತ್ತು. ನೀರಿನಲ್ಲಿ ಮಂಡಿಗೆ ಭಾರವಿಲ್ಲ. ಮೌಸ್ಮಾಯಿಯ ಮೆಟ್ಟಿಲಲ್ಲಿ ನರಳಿದವರು, ಮೌಮ್ಲುವಿನ ಬಂಡೆಯಿಂದ ಹಿಂದಿರುಗಿದವರು ‘ಕಠಿಣ’ವನ್ನು ಹುಡುಗನಂತೆ ಮುಗಿಸಿ ಬಂದಿದ್ದರು. ಹಿಂದಿನ ದಿನ ಬಿಲದಲ್ಲಿ ಬಿಳಿಚಿಕೊಂಡಿದ್ದ ಅಕ್ಕನ ಮಗನಿಗೂ ಇಲ್ಲಿ ಚಾವಣಿ ಎತ್ತರವಿದ್ದುದರಿಂದ ಯಾವ ಭಯವೂ ಆಗಲಿಲ್ಲವಂತೆ. ಮಡುವಿನಲ್ಲಿ ಮೀನುಗಳನ್ನು ಕಂಡೆನೆಂದು ಅವನು ಸಂಭ್ರಮದಿಂದ ಹೇಳಿದಾಗ, ಇದೇ ಜಯಂತಿಯಾ ಬೆಟ್ಟಗಳ ಇನ್ನೊಂದು ಗವಿಯಲ್ಲಿ 2019ರಲ್ಲಿ ಸಿಕ್ಕ ಕುರುಡು ಮೀನಿನ ಕಥೆಯನ್ನು ಹಿರಿಯವನು ಹೇಳಿದ. 40 ಸೆಂಟಿಮೀಟರಿಗೂ ಉದ್ದವಿರುವ ಅದು ಲೋಕದಲ್ಲಿ ಗೊತ್ತಿರುವ ಗವಿಮೀನುಗಳಲ್ಲೆಲ್ಲ ದೊಡ್ಡದು. 2023ರಲ್ಲಿ ಅದಕ್ಕೆ ಇಲ್ಲಿನ ಪ್ನಾರ್ ಜನರ ಹೆಸರನ್ನೇ ಇಟ್ಟಿದ್ದಾರೆ. ಒಂದು ದೂರು ಇಲ್ಲಿಯೂ ಇದೆ: ಮೂರು ಗಂಟೆ ನೀರಿನಲ್ಲಿರುವವರಿಗೆ ವೆಟ್‌ಸೂಟ್ ಕೊಡಬೇಕಿತ್ತು. ಇಬ್ಬರೂ ಒಂದು ಗಂಟೆಯ ಕಾಲ ಬೆಂಕಿಯ ಮುಂದೆ ನಡುಗುತ್ತ ಕುಳಿತರು.

ಬ್ರಿಟನ್ನಿನ ಯಾರ್ಕ್‌ಷೈರಿನಲ್ಲಿ ಗವಿಗಳಿಗೆ 1ರಿಂದ 5ರವರೆಗೆ ದರ್ಜೆ ಕೊಡುವ ರೂಢಿಯಿದೆ, ಆದರೆ ದರ್ಜೆಯ ಜೊತೆಗೆ ಹಗ್ಗ ಬೇಕೇ, ಇಕ್ಕಟ್ಟು ಇದೆಯೇ, ಮಳೆ ಬಂದರೆ ತುಂಬುತ್ತದೆಯೇ ಎಂಬುದನ್ನೂ ಬರೆಯುತ್ತಾರೆ. ನಮ್ಮ ಸಂಸ್ಥೆ ಮಾಡಬೇಕಾಗಿದ್ದದ್ದು ಅಷ್ಟೇ. ಮೌಮ್ಲುವಿನ ಮುಂದೆ ‘ಇಕ್ಕಟ್ಟು, ಬಂಡೆ ಹತ್ತುವುದು, ನಡುಮಟ್ಟದ ನೀರು’ ಎಂದೂ, ಚಿಂಪೆಯ ಮುಂದೆ ‘ಈಜು ಕಡ್ಡಾಯ’ ಎಂದೂ ಬರೆದಿದ್ದರೆ, ನಮ್ಮಲ್ಲಿ ಯಾರು ಯಾವ ದಿನ ಹೋಗಬೇಕೆಂಬುದನ್ನು ಬೆಂಗಳೂರಿನಲ್ಲಿಯೇ ತೀರ್ಮಾನಿಸಿಕೊಳ್ಳುತ್ತಿದ್ದೆವು. ಮೌಸ್ಮಾಯಿಗಾಗಿ ಒಂದು ದಿನವನ್ನು ವ್ಯರ್ಥಮಾಡದೆ, ಮೌಮ್ಲುವಿಗೆ ಎರಡು ದಿನ ಕೊಟ್ಟಿದ್ದರೆ ಇನ್ನೂ ಚೆನ್ನಾಗಿತ್ತು. ಒಂದೇ ದಿನಕ್ಕೆ ಹಣ ಹೊಂದಿಸಬಲ್ಲವರು ಮಧ್ಯದ ದಿನವನ್ನೇ ಕೇಳಿ ಪಡೆಯಿರಿ. ಕೇಳಿದರೆ ಬಿಡಿಯಾಗಿಯೂ ಕೊಡುತ್ತಾರೆ, ಕರಪತ್ರದಲ್ಲಿ ಮಾತ್ರ ಹಾಕಿಲ್ಲ. ಸ್ವಂತದ ಎರಡು ದೀಪ, ಹೊಸ ಬ್ಯಾಟರಿ, ಕಾಲಿಗೆ ಒಪ್ಪುವ ಬೂಟು ಇಲ್ಲಿಂದಲೇ ಒಯ್ಯಿರಿ. ಊಟ ಚೆನ್ನಾಗಿತ್ತು, ಸಸ್ಯಾಹಾರಿಗಳಿಗೆ ಅರಿಶಿನದ ಹಳದಿ ಅನ್ನವೂ ಬೇಳೆಯೂ ಧಾರಾಳ. ಸೋಹ್ರಾದ ವಸತಿಗೃಹದಲ್ಲಿ ಬಿಸಿನೀರು ಬಕೆಟ್ಟಿನ ಲೆಕ್ಕ.

ನಾನು ಮಾಡದ ಮೂರನೆಯ ದಿನಕ್ಕೂ ಮಗಳು ದಡದಲ್ಲಿ ಕೂತ ಅದೇ ದಿನಕ್ಕೂ ಒಂದಂಶವನ್ನಾದರೂ ಮರಳಿಸಬಹುದಿತ್ತೆಂದು ಬರೆದೆ. ‘ಹಂತವನ್ನು ಪೂರ್ಣಗೊಳಿಸದಿರುವುದು ಭಾಗವಹಿಸುವವರ ಆಯ್ಕೆ’ ಎಂದು ನಯವಾಗಿ ತಿರಸ್ಕರಿಸಿದರು. ಮಗಳ ಹಣವನ್ನು ಪಡೆಯುವಾಗ ಅವಳ ವಯಸ್ಸು ಅರ್ಜಿಯಲ್ಲಿಯೇ ಇತ್ತೆಂಬುದಕ್ಕೆ ಉತ್ತರವಿಲ್ಲ. ದೀಪಗಳನ್ನು ಬದಲಾಯಿಸುತ್ತೇವೆ, ಅರ್ಜಿಯಲ್ಲಿ ಈಜಿನ ಪ್ರಶ್ನೆಯನ್ನು ಸೇರಿಸುತ್ತೇವೆ ಎಂದು ಮಾತ್ರ ಒಪ್ಪಿಕೊಂಡರು. ಮೊನ್ನೆ ನೋಡಿದಾಗ ಪ್ರಶ್ನೆ ಸೇರಿತ್ತು, ವ್ಯಾಯಾಮದ ಕೆಳಗೆ, ಹವ್ಯಾಸಗಳ ಮೇಲೆ: ‘ನಿಮಗೆ ಈಜುವುದು ಇಷ್ಟವೇ?’